ಶಿಕ್ಷೆಯಾದವರು ನೋಟರಿ ಆಗಬಹುದೇ?

ಪ್ರಶ್ನೆ: ಮೇಯೊ ಹಾಲ್ ಕೋರ್ಟಿನ ಹತ್ತಿರ ಅಫಿಡವಿಟ್‌ಗೆ ಸೀಲು ಹಾಕುವ ನೋಟರಿಗಳನ್ನು ನೋಡುತ್ತಿರುತ್ತೇನೆ. ಹಿಂದೊಮ್ಮೆ ಶಿಕ್ಷೆಯಾದವರು ಆ ಕೆಲಸಕ್ಕೆ ಬರಬಹುದೇ? (ಹಲಸೂರಿನ ಓದುಗರು)

ಬರಬಹುದು, ಆದರೆ ಅಪರಾಧ ಯಾವುದು ಎಂಬುದೇ ಮುಖ್ಯ. ನಮ್ಮಲ್ಲಿ ನೋಟರಿ ಆಗಲು ಸಾಮಾನ್ಯವಾಗಿ 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಹಾಗಾಗಿ ಮೊದಲ ತಡೆ ಇರುವುದು ವಕೀಲರ ಪರಿಷತ್ತಿನಲ್ಲೇ. ವಂಚನೆ, ಫೋರ್ಜರಿಯಂಥ ‘ನೈತಿಕ ಅಧಃಪತನ’ದ ಅಪರಾಧಕ್ಕೆ ಶಿಕ್ಷೆಯಾದವರನ್ನು 1961ರ ವಕೀಲರ ಕಾಯ್ದೆಯಡಿ ವಕೀಲರಾಗಿ ನೋಂದಾಯಿಸಿಕೊಳ್ಳುವುದಿಲ್ಲ. ಬಿಡುಗಡೆಯಾಗಿ 2 ವರ್ಷ ಕಳೆದರೆ ಆ ಅಡ್ಡಿ ತೆರವಾಗುತ್ತದೆ. ಟ್ರಾಫಿಕ್ ದಂಡ ಕಟ್ಟಿದ್ದು ಈ ಸಾಲಿಗೆ ಸೇರದು.

ಅಂಗಡಿಯಲ್ಲಿ ಶುದ್ಧ ಮಾಡಿದ ಅಕ್ಕಿಯನ್ನೂ ಮನೆಯಲ್ಲಿ ಮತ್ತೆ ಮೊರದಲ್ಲಿ ಕೇರುತ್ತೇವಲ್ಲ, ನೋಟರಿ ಅರ್ಜಿಯ ಕತೆಯೂ ಹಾಗೆಯೇ. ಸರ್ಕಾರ ಸಾರ್ವಜನಿಕರಿಂದ ಆಕ್ಷೇಪಣೆ ಕರೆದು, ಅರ್ಜಿದಾರರು ಯೋಗ್ಯರೇ ಎಂದು ಮತ್ತೊಮ್ಮೆ ತೂಗಿ ನೋಡುತ್ತದೆ. ನೇಮಕವಾದ ಮೇಲೆ ಅಂಥ ಅಪರಾಧ ಸಾಬೀತಾದರೂ 1952ರ ನೋಟರಿ ಕಾಯ್ದೆಯ 10ನೇ ಕಲಮಿನಡಿ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು.

ಇಷ್ಟು ಬಿಗಿ ಬೇಕೇ? ಖಂಡಿತ ಬೇಕು. ಕೆ.ಆರ್. ಪುರದ ಸೈಟಿಗೆ ಯಾರೋ ಪವರ್ ಆಫ್ ಅಟಾರ್ನಿ ತಂದರೆ, ಅದರ ಮೇಲೆ ನೋಟರಿಯ ದೃಢೀಕರಣ ಇದ್ದಾಗ ಕೋರ್ಟು ಅದನ್ನು ಸರಿಯೆಂದೇ ಭಾವಿಸಿ ವಿಚಾರಣೆ ಆರಂಭಿಸುತ್ತದೆ. ಅದು ಸುಳ್ಳೆಂದು ತೋರಿಸುವ ಹೊರೆ ಸೈಟು ಕಳೆದುಕೊಂಡವರ ಹೆಗಲಿಗೇ ಬೀಳುತ್ತದೆ.