ಬಾತುಕೋಳಿ, ಸೀಸ, ಮತ್ತು ಚೀಲದಲ್ಲಿ ಉಳಿದಿದ್ದ ಎರಡು ತೋಟಾ

ಮೊನ್ನೆ ಊರಿಗೆ ಫೋನ್ ಮಾಡಿದಾಗ "ಶನಿವಾರ ಬಾತುಕೋಳಿ ಹೊಡೆಯೋಕೆ ಹೋಗಿದ್ದೆ" ಅಂದೆ. ಅಮ್ಮ ಎರಡು ಸೆಕೆಂಡು ಸುಮ್ಮನಿದ್ದು "ಅಲ್ಲಿ ತಿನ್ನೋಕೆ ಏನೂ ಸಿಗಲ್ವೇನೋ ನಿಂಗೆ?" ಅಂದರು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಯಾವ ಚರೆ ಹಾಕಿದ್ನಂತೆ, ಕೇಳು."

ಅಪ್ಪನ ಪ್ರಶ್ನೆಗೆ ಫೋನಲ್ಲಿ ಉತ್ತರ ಹೇಳೋಕೆ ಅರ್ಧ ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೀತಿದೀನಿ. ಬೇಟೆ ಅಂದ್ರೆ ಆಗದವರು, ಸಸ್ಯಾಹಾರಿಗಳು ಬೇಸರ ಮಾಡ್ಕೋಬೇಡಿ. ಇದು ಬೇಟೆಗಿಂತ ಹೆಚ್ಚಾಗಿ ಸೀಸದ ಕತೆ.

ನಮ್ಮದು ಮಲೆನಾಡು. ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದು ಪೊಲೀಸ್ ಠಾಣೆಗೆ ಹೋಗಿ ಕೂರೋದು, ಮುಗಿದ ಮೇಲೆ ವಾಪಸ್ ಬರೋದು. ನಾನು ನೋಡೋ ಹೊತ್ತಿಗೆ ಅದಕ್ಕೆ ಅಷ್ಟೇ ಕೆಲಸ. ಆದರೆ 1972ರ ವನ್ಯಜೀವಿ ಕಾಯ್ದೆ ಬರೋಕೆ ಮುಂಚೆ ಅಜ್ಜ ಸೀಸ ಕಾಯಿಸಿ ಚರೆ ಮಾಡ್ಕೊಳ್ತಿದ್ದರಂತೆ. ಹರಿದ ಮೀನಿನ ಬಲೆಗೆ ಕಟ್ಟಿದ್ದ ಸೀಸದ ಗುಂಡುಗಳನ್ನ ಒಂದು ಕಬ್ಬಿಣದ ಸೌಟಿನಲ್ಲಿ ಹಾಕಿ ಅಡುಗೆ ಒಲೆ ಮೇಲೇ ಕರಗಿಸೋದು. ಪಕ್ಕದಲ್ಲಿ ಅಪ್ಪ, ಏಳೆಂಟು ವರ್ಷದ ಹುಡುಗ, ಊದುಗೊಳವೆ ಹಿಡಿದು ಊದೋದು. ಸಾರಿನಲ್ಲಿ ಚರೆ ಹಲ್ಲಿಗೆ ಸಿಕ್ಕರೆ ತೆಗೆದು ತಟ್ಟೆ ಅಂಚಿಗಿಡೋದು. ಯಾರಿಗೂ ಅದು ವಿಷ ಅನ್ನಿಸಿರಲಿಲ್ಲ.

ಇಲ್ಲಿ ಮೆಕಿನ್ನಿಯಲ್ಲಿ ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯರಿದಾರೆ, ರಿಟೈರ್‌ಮೆಂಟಿಗೆ ಎರಡು ವರ್ಷ ಬಾಕಿ. ಊರಿನಿಂದ ಒಂದು ಗಂಟೆ ದೂರದಲ್ಲಿ ಅವರ ಮನೆತನದ ಜಮೀನು, ಅದರಲ್ಲೊಂದು ಕೆರೆ. ಟೆಕ್ಸಸ್‌ನವರು ದನಗಳಿಗೆ ಕಟ್ಟಿದ ಕೆರೆಯನ್ನ 'ಟ್ಯಾಂಕ್' ಅಂತಲೇ ಕರೀತಾರೆ, ನಮ್ಮ ಬ್ರಿಟಿಷ್ ಕಾಲದ ದಾಖಲೆಗಳಲ್ಲಿ ಇರೋ ಹಾಗೆ! ಆ ಟ್ಯಾಂಕಿಗೆ ಚಳಿಗಾಲದಲ್ಲಿ ಬಾತುಗಳು ಬರ್ತವೆ. "ಈ ಸಲ ಬಾ" ಅಂತ ಕರೆದರು.

ಹೋಗೋದು ಅಷ್ಟು ಸುಲಭ ಅಲ್ಲ. ನನ್ನ ಹಾಗೆ ಎಚ್-1ಬಿ ಥರದ ವೀಸಾದಲ್ಲಿರೋರು ಕೋವಿಯಾಗಲಿ ತೋಟಾ ಆಗಲಿ ಇಟ್ಕೊಳ್ಳೋ ಹಾಗಿಲ್ಲ ಅಂತ ಫೆಡರಲ್ ಕಾನೂನು ಹೇಳುತ್ತೆ. ಕೆಲವೇ ವಿನಾಯಿತಿಗಳು, ಅದರಲ್ಲೊಂದು, ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್. (ನೀವೂ ಹೊರಡೋರಾದರೆ ನನ್ನ ಮಾತು ನಂಬಬೇಡಿ, ವಕೀಲರನ್ನ ಕೇಳಿ.) 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಟೆಕ್ಸಸ್‌ನಲ್ಲಿ ಬೇಟೆ ಶಿಕ್ಷಣದ ಕೋರ್ಸು ಬೇರೆ. ಮೇಲೆ ವಲಸೆ ಹಕ್ಕಿಗೆ ಪ್ರತ್ಯೇಕ ಎಂಡಾರ್ಸ್‌ಮೆಂಟ್, 25 ಡಾಲರಿನ ಡಕ್ ಸ್ಟ್ಯಾಂಪ್. ಈ ಸ್ಟ್ಯಾಂಪು 1934ರಿಂದ ಇದೆ, ಅದರ ದುಡ್ಡಿನ ಬಹುಪಾಲು ಹಕ್ಕಿಗಳಿಗೆ ಜೌಗು ನೆಲ ಉಳಿಸೋಕೆ ಹೋಗುತ್ತೆ. ಇಷ್ಟೆಲ್ಲ ಆದ ಮೇಲೆ ಬಂತು ಅಪ್ಪನ ಪ್ರಶ್ನೆ: ಯಾವ ಚರೆ?

ಸೀಸ ಅಂತೂ ಅಲ್ಲ. ಅಮೆರಿಕದಲ್ಲಿ ಬಾತು, ಹೆಬ್ಬಾತುಗಳ ಬೇಟೆಗೆ ಸೀಸದ ಚರೆಯನ್ನ 1987ರಿಂದ ಹಂತಹಂತವಾಗಿ ತೆಗೆದು, 1991ರಲ್ಲಿ ದೇಶಕ್ಕೆಲ್ಲ ನಿಷೇಧಿಸಿದರು. ಕಾರಣ ತುಂಬಾ ಸರಳ. ಒಂದು ತೋಟಾದಲ್ಲಿ ನೂರಕ್ಕೂ ಹೆಚ್ಚು ಚರೆ ಇರ್ತವೆ. ಹಕ್ಕಿಗೆ ತಾಗೋದು ನಾಲ್ಕೈದು. ಮಿಕ್ಕಿದ್ದೆಲ್ಲ ಕೆರೆಗೆ. ಬಾತುಗಳಿಗೆ ಹಲ್ಲಿಲ್ಲವಲ್ಲ, ಕಾಳು ಅರೆಯೋಕೆ ಸಣ್ಣ ಕಲ್ಲು ನುಂಗ್ತವೆ. ಕೆಸರಲ್ಲಿ ಸಿಕ್ಕ ಚರೆಯನ್ನೂ ಕಲ್ಲು ಅಂತಲೋ ಬೀಜ ಅಂತಲೋ ನುಂಗಿಬಿಡ್ತವೆ. ಅರೆಯುವ ಹೊಟ್ಟೆಯಲ್ಲಿ ಆ ಸೀಸ ಸವೆದು, ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತೆ. ರೆಕ್ಕೆ ಜೋತುಬೀಳುತ್ತೆ, ತಿಂದದ್ದು ಮುಂದಕ್ಕೆ ಹೋಗಲ್ಲ, ಹೊಟ್ಟೆ ತುಂಬಿದ್ದೂ ಹಕ್ಕಿ ಎಲುಬಿನ ಗೂಡಾಗಿ ಎರಡು ಮೂರು ವಾರದಲ್ಲಿ ಸಾಯುತ್ತೆ. ಒಂದೆರಡು ಚರೆ ಸಾಕು. ಅಂಥ ಹಕ್ಕಿಯನ್ನ ತಿಂದ ಹದ್ದಿಗೂ ಅದೇ ಗತಿ.

ಇದು ಹೊಸ ಸಂಗತಿಯೂ ಅಲ್ಲ. ಜಾರ್ಜ್ ಬರ್ಡ್ ಗ್ರಿನೆಲ್ ಅನ್ನೋರು 1894ರಲ್ಲೇ 'ಫಾರೆಸ್ಟ್ ಅಂಡ್ ಸ್ಟ್ರೀಮ್' ಪತ್ರಿಕೆಯಲ್ಲಿ ಇದನ್ನ ಬರೆದಿದ್ದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ನಮ್ಮ ಟೆಕ್ಸಸ್‌ನದ್ದೇ, ಹ್ಯೂಸ್ಟನ್ ಪಕ್ಕದ ಗಾಲ್ವೆಸ್ಟನ್. 1959ರಲ್ಲಿ ಫ್ರ್ಯಾಂಕ್ ಬೆಲ್‌ರೋಸ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿ, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಮೂರು ಹೀಗೆ ಸಾಯ್ತಿವೆ ಅಂದರು. ಅಲ್ಲಿಂದ ನಿಷೇಧಕ್ಕೆ ಮತ್ತೆ ಮೂವತ್ತೆರಡು ವರ್ಷ. "ಸ್ಟೀಲ್ ಚರೆಯಿಂದ ಹಕ್ಕಿ ಸಾಯಲ್ಲ, ಗಾಯ ಆಗಿ ಹೋಗ್ತವೆ" ಅಂತ ಬೇಟೆಗಾರರು ಆಗ ಗಲಾಟೆ ಮಾಡಿದ್ದರಂತೆ. ಆದರೆ ನಿಷೇಧದಿಂದ ಆದ ಲಾಭವೂ ಲೆಕ್ಕಕ್ಕೆ ಸಿಕ್ಕಿದೆ. 2000ದಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಂತೆ, 1997ರ ಒಂದೇ ವಲಸೆಯಲ್ಲಿ ಸುಮಾರು 14 ಲಕ್ಷ ಬಾತುಗಳು ಉಳಿದುಕೊಂಡವು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನ ಪೂರ್ತಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ಬೇಡ ಅಂದಿತು. ಯೂರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ನಿಷೇಧ.

ಸರಿ, ಸೀಸ ಬಿಟ್ಟರೆ ಏನಿದೆ? ಅಂಗಡಿಯಲ್ಲಿ ಡಬ್ಬಿಗಳ ಗೋಡೆ ನೋಡಿ ತಲೆ ತಿರುಗಿತು. ಕೊನೆಗೆ ನಮಗೆ ಗೊತ್ತಿರೋದು ಇಂಜಿನಿಯರಿಂಗ್ ಒಂದೇ ಅಲ್ವಾ, ಫೋನ್ ತೆಗೆದು ಕ್ಯಾಲ್ಕ್ಯುಲೇಟರ್ ಒತ್ತಿದೆ. ಎಲ್ಲ ನಿಂತಿರೋದು ಸಾಂದ್ರತೆ ಮೇಲೆ. ನೀರು 1 ಅಂದರೆ ಸೀಸ 11.3. ಉಕ್ಕು 7.8. ಬಿಸ್ಮತ್-ತವರ ಮಿಶ್ರಣ 9.6ರ ಆಸುಪಾಸು. ಟಂಗ್‌ಸ್ಟನ್ ಚರೆಗಳಲ್ಲಿ ಭಾರವಾದದ್ದು 18. ಹಗುರ ಚರೆ ಬೇಗ ವೇಗ ಕಳ್ಕೊಳ್ಳುತ್ತೆ, ದೂರದಲ್ಲಿ ಒಳಗೆ ಇಳಿಯಲ್ಲ. ಅದಕ್ಕೆ ಮದ್ದು, ದಪ್ಪ ಚರೆ.

ಅಮೆರಿಕದ ಚರೆ ನಂಬರಿಗೆ ಒಂದು ಸೂತ್ರ ಇದೆ. 17ರಿಂದ ನಂಬರ್ ಕಳೆದರೆ ಇಂಚಿನ ನೂರನೇ ಭಾಗದಲ್ಲಿ ಅದರ ವ್ಯಾಸ. 4ನೇ ನಂಬರ್ ಅಂದರೆ 0.13 ಇಂಚು, 2ನೇ ನಂಬರ್ 0.15 ಇಂಚು. ಈಗ ವ್ಯಾಸದ ಘನವನ್ನ ಸಾಂದ್ರತೆಯಿಂದ ಗುಣಿಸಿ. ಸೀಸದ 4 ಮತ್ತು ಉಕ್ಕಿನ 2, ಎರಡರ ತೂಕವೂ ಹೆಚ್ಚುಕಡಿಮೆ ಒಂದೇ! "ಸ್ಟೀಲಿಗೆ ಎರಡು ನಂಬರ್ ದಪ್ಪ ಹೋಗು" ಅಂತ ಇಲ್ಲಿನ ಹಳಬರು ಹೇಳೋ ಮಾತಿನ ಗುಟ್ಟು ಇಷ್ಟೇ. ಬಿಸ್ಮತ್ ಆದರೆ ಒಂದು ನಂಬರ್ ಸಾಕು. ಬಾತಿಗೆ ಉಕ್ಕಿನ 2 ಅಥವಾ 3, ಹೆಬ್ಬಾತಿಗೆ ಬಿಬಿ (0.18 ಇಂಚು) ಇಲ್ಲಾ ಅದಕ್ಕೂ ದಪ್ಪ. ಆದರೆ ದಪ್ಪ ಆದಷ್ಟೂ ಎಣಿಕೆ ಕಡಿಮೆ. ಒಂದು ಔನ್ಸಿಗೆ ಉಕ್ಕಿನ 2 ಸುಮಾರು 125 ಬರ್ತವೆ, ಬಿಬಿ 72 ಅಷ್ಟೇ. ಎಣಿಕೆ ಇಳಿದರೆ ಚರೆಗಳ ಹರವಿನಲ್ಲಿ ತೂತು ಬೀಳುತ್ತೆ, ಹಕ್ಕಿ ಆ ತೂತಲ್ಲಿ ಪಾರಾಗುತ್ತೆ ಅಥವಾ ಗಾಯ ಮಾತ್ರ ಆಗುತ್ತೆ. ಬೆಲೆ? ಸ್ಟೀಲ್ ತೋಟಾ ಒಂದಕ್ಕೆ ಡಾಲರ್ ಆಸುಪಾಸು, ಬಿಸ್ಮತ್ ಎರಡು ಮೂರು ಡಾಲರ್, ಟಂಗ್‌ಸ್ಟನ್ ಐದರ ಮೇಲೆ. ಒಂದು ಸಲ ಕುದುರೆ ಎಳೆದರೆ ಒಂದು ಮಸಾಲೆ ದೋಸೆ ಹೋದ ಹಾಗೆ.

ನಾನು ಸ್ಟೀಲೇ ತಗೊಳ್ಳೋನಿದ್ದೆ. ಆದರೆ ಹಿರಿಯರು ನನಗೆ ಕೊಡ್ತೀನಿ ಅಂದಿದ್ದು ಅವರ ಅಪ್ಪನ ಕಾಲದ ಜೋಡುನಳಿಗೆ ಕೋವಿ. ಅದರ ನಳಿಗೆಯ ತುದಿ, ಚೋಕ್ ಅಂತಾರಲ್ಲ, ತುಂಬಾ ಬಿಗಿ. ಸೀಸ ಮೆತ್ತಗೆ, ಬಿಗಿ ಜಾಗದಲ್ಲಿ ಅದುಮಿಕೊಂಡು ಹೋಗುತ್ತೆ. ಉಕ್ಕು ಜಗ್ಗಲ್ಲ, ಹಳೇ ನಳಿಗೆಯ ತುದಿಯೇ ಉಬ್ಬಿಬಿಡಬಹುದು. ಹೊಸ ಕೋವಿಗಳಿಗೆ ಈ ತೊಂದರೆ ಇಲ್ಲ, ಅಲ್ಲೂ ಸಡಿಲ ಚೋಕ್ ಹಾಕಬೇಕು ಅಷ್ಟೆ. ಬಿಸ್ಮತ್ ಸೀಸದ ಹಾಗೇ ಮೆತ್ತಗೆ, ಹಳೇ ಕೋವಿಗೆ ಹೊಂದುತ್ತೆ. ಇನ್ನೊಂದು ಎಚ್ಚರಿಕೆ: ಆ ಕೋವಿಯ ಗೂಡು ಎರಡೂ ಮುಕ್ಕಾಲು ಇಂಚಿನದು, ಮೂರಿಂಚಿನ ತೋಟಾ ಹಾಕಿದರೆ ಅಪಾಯ. ಅಂತೂ ಎರಡೂ ಮುಕ್ಕಾಲು ಇಂಚಿನ, 4ನೇ ನಂಬರಿನ ಬಿಸ್ಮತ್ ಡಬ್ಬಿ ಒಂದು ತಂದೆ. ಇಲ್ಲಿ ಹೊಟ್ಟೆ ಕೆಟ್ಟರೆ ಕುಡಿಯೋ ಗುಲಾಬಿ ಬಣ್ಣದ ಪೆಪ್ಟೋ-ಬಿಸ್ಮಾಲ್ ಔಷಧಿಯಲ್ಲೂ ಇರೋದು ಬಿಸ್ಮತ್ತೇ.

ಹಿಂದಿನ ಭಾನುವಾರ ದೊಡ್ಡ ಕಾಗದ ಕಟ್ಟಿ, 40 ಗಜದಿಂದ ಹೊಡೆದು, 30 ಇಂಚಿನ ವೃತ್ತದೊಳಗೆ ಎಷ್ಟು ತೂತು ಅಂತ ಎಣಿಸಿದ್ದೂ ಆಯ್ತು. ಟೆಸ್ಟಿಂಗ್ ಇಲ್ಲದೆ ರಿಲೀಸ್ ಮಾಡೋ ಹಾಗಿಲ್ಲ ನೋಡಿ!

ಶನಿವಾರ ಬೆಳಗಿನ ಜಾವ, ಟ್ರಕ್ಕಿನ ದೀಪದಲ್ಲಿ ಚೀಲಕ್ಕೆ ಕೈ ಹಾಕಿದರೆ ಬೇರೆ ಬಣ್ಣದ ಎರಡು ತೋಟಾ ಸಿಕ್ಕವು. ಸೆಪ್ಟೆಂಬರಿನಲ್ಲಿ ಪಾರಿವಾಳದ ಬೇಟೆಗೆ ಹೋದಾಗ ಉಳಿದಿದ್ದು. ಸೀಸ! ಪಾರಿವಾಳಕ್ಕೆ ಅಲ್ಲಿ ಸೀಸ ನಡೆಯುತ್ತೆ. ಬಾತಿನ ಬೇಟೆಯಲ್ಲಿ ಹಾರಿಸೋದಿರಲಿ, ಮೈಮೇಲೆ ಇಟ್ಕೊಂಡಿದ್ದರೂ ಫೆಡರಲ್ ಅಪರಾಧ. ಗೇಮ್ ವಾರ್ಡನ್ ಬಂದು ಚೀಲ ಸುರಿದು ನೋಡೋದು ಇಲ್ಲಿ ಮಾಮೂಲು. ಗ್ರೀನ್ ಕಾರ್ಡ್ ಸಾಲಲ್ಲಿ ನಿಂತಿರೋ ನನ್ನಂಥವನಿಗೆ ಆ ಚಳಿಯಲ್ಲೂ ಬೆವರು ಬಂತು. ಹಿರಿಯರು ಏನೂ ಅನ್ನದೆ ಅವೆರಡನ್ನ ತಗೊಂಡು ಟ್ರಕ್ಕಿನ ಡಬ್ಬಿಗೆ ಹಾಕಿ ಬೀಗ ಹಾಕಿದರು.

ಮೊದಲ ಗುಂಪು ಬೆಳಕು ಹರಿದ ಮೇಲೆ ಬಂತು. ಇಪ್ಪತ್ತೈದು ಗಜದಲ್ಲಿ ಒಂದು ಗ್ಯಾಡ್‌ವಾಲ್, ಒಂದೇ ಈಡು, ನೀರಿಗೆ ಬೀಳೋ ಹೊತ್ತಿಗೆ ಜೀವ ಇರಲಿಲ್ಲ. ನನಗೆ ಜಂಬ ಬಂತು. ಸ್ವಲ್ಪ ಹೊತ್ತಿಗೆ ಒಂದು ಸೂಜಿಬಾಲದ ಬಾತು ಎತ್ತರದಲ್ಲಿ ಹಾದುಹೋಯಿತು. ಐವತ್ತು ಗಜಕ್ಕೆ ಕಡಿಮೆ ಇರಲಿಲ್ಲ. ಹೊಡೆದೆ. ಹಕ್ಕಿ ಗಾಳಿಯಲ್ಲಿ ಒಮ್ಮೆ ತಡವರಿಸಿ, ಒಂದು ಕಾಲು ಜೋತಾಡಿಸ್ಕೊಂಡು ಹಾರುತ್ತಲೇ ಹೋಯಿತು. ಗಾಯವಾದ ಹಕ್ಕಿಯನ್ನ ಹುಡುಕಲೇಬೇಕು ಅಂತ ಇಲ್ಲಿ ಕಾನೂನಿದೆ. ನಾಯಿ ಸಮೇತ ಒಂದು ಗಂಟೆ ಜೊಂಡು ಹುಲ್ಲಲ್ಲಿ ಹುಡುಕಿದೆವು. ಸಿಗಲಿಲ್ಲ. ಹಿರಿಯರು ಹೇಳಿದ್ದು ಒಂದೇ ಮಾತು: "ದುಬಾರಿ ತೋಟಾ ಹಾಕಿದರೆ ದೂರ ಕಡಿಮೆ ಆಗಲ್ಲ."

ಅದೇ ಸೂಜಿಬಾಲದ ಬಾತು ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತೆ. ಚಿಕ್ಕವನಿದ್ದಾಗ ಅಪ್ಪ ಬಸ್ಸಿನ ಕಿಟಕಿಯಿಂದ ತೋರಿಸಿದ್ದರು. ಮುಂದಿನ ಸಲ ಹೋದರೆ 35 ಗಜಕ್ಕೆ ಒಂದು ಗೂಟ ಹೊಡೆದು, ಅದರಾಚೆ ಕೋವಿ ಎತ್ತಲ್ಲ ಅಂತ ನಿರ್ಧರಿಸಿದೀನಿ. ಹೋಗ್ತೀನೋ ಇಲ್ವೋ, ಇನ್ನೂ ಗೊತ್ತಿಲ್ಲ.

ಇಷ್ಟನ್ನೂ ಅಪ್ಪ ಫೋನಲ್ಲಿ ಕೇಳಿಸ್ಕೊಂಡರು. ಆಮೇಲೆ "ಅಜ್ಜ ಸೀಸ ಕಾಯಿಸ್ತಿದ್ದ ಸೌಟು ಇನ್ನೂ ಇದೆ ಕಣೋ, ಪುಟ್ಟಿ ಅದ್ರಲ್ಲೇ ಮಣ್ಣಿನ ಅಡುಗೆ ಆಟ ಆಡ್ತಾಳೆ" ಅಂದರು. ಪುಟ್ಟಿ ಅಂದರೆ ಅಕ್ಕನ ಮಗಳು, ಮೂರು ವರ್ಷ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸು.

"ಅಪ್ಪಾ, ಫೋನ್ ಇಟ್ಟು ಮೊದಲು ಅದನ್ನ ಅವಳ ಕೈಯಿಂದ ತಗೊಳ್ಳಿ" ಅಂದೆ.

ನಿಮ್ಮ ಮನೆ ಅಟ್ಟದಲ್ಲೂ ಹಳೇ ಬಲೆಯ ಗುಂಡು, ಚರೆ ಡಬ್ಬಿ ಇದ್ದರೆ ಇವತ್ತೇ ಒಮ್ಮೆ ನೋಡಿ.