ಬೆನ್ನು ನೆಲ ಮುಟ್ಟಿದ ಮೇಲೆ

ವಿಜಾಪುರ ರಸ್ತೆಯಲ್ಲಿ ಕರಾಟೆ ಕಲಿಯುವ ಹುಡುಗನಿಗೂ ಅಕ್ಕಲಕೋಟದ ತಾಲೀಮಿನ ಕೆಮ್ಮಣ್ಣಿನಲ್ಲಿ ಬೆಳೆದ ಪೈಲ್ವಾನನಿಗೂ ಇಂದು ಮೊಬೈಲಿನಲ್ಲಿ ಮೆಚ್ಚಿನ ಆಟ ಒಂದೇ: ಮಿಶ್ರ ಸಮರಕಲೆ, ಅಂದರೆ ಎಂ.ಎಂ.ಎ. ನೋಡುವ ಸಂತೋಷ ಬೇರೆ, ಇಳಿದು ಆಡುವುದು ಬೇರೆ. ಕುಸ್ತಿಯಲ್ಲಿ ಬೆನ್ನು ನೆಲ ಮುಟ್ಟಿದರೆ ಪಂದ್ಯ ಮುಗಿಯಿತು. ಇಲ್ಲಿ ಕೆಳಗೆ ಬಿದ್ದವನೂ ಮೇಲಿನವನ ತೋಳನ್ನು ಕಾಲುಗಳ ನಡುವೆ ಸಿಲುಕಿಸಿ ಗೆಲ್ಲಬಲ್ಲ. ಚಿತ್ ಆಗಬಾರದೆಂದು ಬೋರಲು ಹೊರಳುವ ಪೈಲ್ವಾನ ತನ್ನ ಕೊರಳನ್ನೇ ಒಪ್ಪಿಸಿಕೊಟ್ಟಂತೆ.

ಬರಿಯ ಒದೆತ, ಗುದ್ದುಗಳೂ ಸಾಲವು. 1993ರಲ್ಲಿ ಅಮೆರಿಕದ ಡೆನ್ವರಿನಲ್ಲಿ ನಡೆದ ಮೊದಲ ಯು.ಎಫ್.ಸಿ. ಅಂತಿಮ ಪಂದ್ಯದಲ್ಲಿ ಕರಾಟೆಪಟು ಗೆರಾರ್ಡ್ ಗೋರ್ಡೋನನ್ನು ತೆಳುಮೈಯ ರಾಯ್ಸ್ ಗ್ರೇಸಿ ನೆಲಕ್ಕೆಳೆದು, ಹಿಂದಿನಿಂದ ಕೊರಳು ಬಿಗಿದು ಸೋಲಿಸಿದ.

ಆದ್ದರಿಂದ ವಸ್ತಾದರು ಮೊದಲು ಕಲಿಸಬೇಕಾದದ್ದು ಅಂಗೈಯಿಂದ ತಟ್ಟಿ ಸೋಲೊಪ್ಪುವುದನ್ನು. ನಮ್ಮ ಹುಡುಗರಿಗೆ ಅದು ನಾಚಿಕೆಯೆನಿಸಬಹುದು. ಹಟ ಹಿಡಿದು ತಟ್ಟದವನ ಮೊಣಕೈ ಕೀಲು ತಪ್ಪೀತು.