ಪಂಪು ಬಿಚ್ಚುವ ಮೊದಲು

ಹೊನ್ನಾವರದ ಕಡೆ ಹಳೆಯ ಜೆಸಿಬಿಗೆ ಪುರುಸೊತ್ತು ಕಮ್ಮಿ. ಮಳೆಗಾಲದಲ್ಲಿ ರಸ್ತೆಗೆ ಕುಸಿದ ಧರೆ ತೆಗೆಯಬೇಕು, ಮಳೆ ಬಿಟ್ಟ ಮೇಲೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸಬೇಕು, ಬೇಸಿಗೆಯಲ್ಲಿ ಮನೆ ಕಟ್ಟುವವರಿಗೆ ಚಿರೆಕಲ್ಲಿನ ಗುಡ್ಡ ಕಡಿದು ಜಾಗ ಸಮ ಮಾಡಿಕೊಡಬೇಕು. ಕುಮಟಾದತ್ತ ಹೋದರೆ ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ದಂಡೆ ಕಟ್ಟುವ ಕೆಲಸ. ಹೀಗೆ ದುಡಿದ ಯಂತ್ರ ಒಂದು ದಿನ ಮಣ್ಣು ತುಂಬಿದ ಬಕೆಟ್ ಎತ್ತಲಾರದೆ ನಿಲ್ಲುತ್ತದೆ. ಆಪರೇಟರ್ "ಪ್ರೆಶರ್ ಇಲ್ಲ" ಎನ್ನುತ್ತಾನೆ. ಮಾಲೀಕರ ಕಿವಿಗೆ ಅದು "ಪಂಪು ಹೋಯ್ತು" ಎಂದು ಕೇಳಿಸುತ್ತದೆ. ಹೊಸ ಪಂಪು ಬಂದು ಕೂತ ಮೇಲೂ ಬಕೆಟ್ ಏಳದಿದ್ದಾಗ ತಲೆನೋವು ಶುರುವಾಗುತ್ತದೆ.

ಮುಂದೆ ಲೋಡರ್ ಬಕೆಟ್, ಹಿಂದೆ ತೋಡುವ ಕೈ ಇರುವ ಇಂಥ ಯಂತ್ರವನ್ನು ಬ್ರಿಟನ್ನಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ತಯಾರಿಸಿದ್ದು 1953ರಲ್ಲಿ. ಕಂಪನಿಯ ಹೆಸರಿನಲ್ಲಿರುವ ಮೂರು ಅಕ್ಷರ ಅವರವೇ. ಭಾರತದಲ್ಲಿ 1979ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಆರಂಭವಾಯಿತು. ಮಾಡೆಲ್‌ಗಳು ಬದಲಾದವು, ಕ್ಯಾಬಿನ್‌ಗೆ ಎಸಿ ಬಂತು. ಒಳಗಿನ ಭೌತವಿಜ್ಞಾನ ಮಾತ್ರ ಹದಿನೇಳನೇ ಶತಮಾನದ ವಿಜ್ಞಾನಿ ಪಾಸ್ಕಲ್ ಹೇಳಿದ್ದೇ.

ಪಂಪು ಪ್ರೆಶರ್ ಹುಟ್ಟಿಸುವುದಿಲ್ಲ. ಅದು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ತಳ್ಳಿದ ಎಣ್ಣೆಗೆ ಮುಂದೆ ತಡೆ ಸಿಕ್ಕಾಗ ಒತ್ತಡ ಏರುತ್ತದೆ. ಬಕೆಟ್ ಖಾಲಿಯಿದ್ದರೆ ಒತ್ತಡ ಅಲ್ಪ, ಕಲ್ಲಿಗೆ ತಾಗಿದರೆ 200 ಬಾರ್ ಆಸುಪಾಸು. 10 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖ 78.5 ಚದರ ಸೆಂಟಿಮೀಟರ್. 200 ಬಾರ್‌ನಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 16 ಟನ್. ಒತ್ತಡ ಮಿತಿ ಮೀರಿದರೆ ಹೋಸ್ ಒಡೆಯಬಾರದೆಂದು ರಿಲೀಫ್ ವಾಲ್ವ್ ತೆರೆದುಕೊಂಡು ಎಣ್ಣೆಯನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಬೇಕಾದ್ದು: ಎಲ್ಲ ಕೆಲಸವೂ ಸೋತಿದೆಯೋ, ಒಂದು ಮಾತ್ರವೋ? ಬೂಮ್ ಸೋತು ಉಳಿದದ್ದೆಲ್ಲ ಚುರುಕಾಗಿದ್ದರೆ ಪಂಪಿನ ಮೇಲೆ ಅನುಮಾನ ಪಡುವುದು ದಂಡ. ಎಲ್ಲರಿಗೂ ಎಣ್ಣೆ ಕೊಡುವ ಪಂಪು ಬೂಮ್‌ಗೆ ಮಾತ್ರ ಮೋಸ ಮಾಡಲಾರದು. ಆ ಸಿಲಿಂಡರಿನ ಸೀಲ್, ಆ ಲೈನಿನ ವಾಲ್ವ್, ಆ ಹೋಸ್ ನೋಡಬೇಕು. ಎಲ್ಲವೂ ಸೋತಿದ್ದರೆ ಎಲ್ಲಕ್ಕೂ ಸೇರಿದ ಭಾಗಗಳು: ಎಣ್ಣೆಯ ಮಟ್ಟ, ಸಕ್ಷನ್ ಜಾಲರಿ, ಪಂಪು, ಮುಖ್ಯ ರಿಲೀಫ್ ವಾಲ್ವ್. ಈ ಸಾಲಿನಲ್ಲೂ ಅಗ್ಗದ್ದು ಮೊದಲು. ಡಿಪ್‌ಸ್ಟಿಕ್ ನೋಡಲು ಕಾಸು ಬೇಡ.

ನಿಧಾನವೂ ಬಲಹೀನತೆಯೂ ಒಂದೇ ಅಲ್ಲ. ಭಾರ ಎತ್ತುತ್ತದೆ, ಆದರೆ ಎಲ್ಲವೂ ತೆವಳುತ್ತವೆ ಎಂದರೆ ಎಣ್ಣೆಯ ಹರಿವು ಸಾಲುತ್ತಿಲ್ಲ. ಖಾಲಿ ಕೈ ಜೋರಾಗಿ ಆಡುತ್ತದೆ, ಭಾರ ಬಿದ್ದೊಡನೆ ನಿಂತುಬಿಡುತ್ತದೆ ಎಂದರೆ ರಿಲೀಫ್ ವಾಲ್ವ್ ಬೇಗ ತೆರೆಯುತ್ತಿರಬಹುದು. ಅದರ ಸೀಟಿನಲ್ಲಿ ಒಂದು ಕಸ ಸಿಕ್ಕಿಕೊಂಡರೂ ಸಾಕು. ಬೆಳಿಗ್ಗೆ ಚೆನ್ನಾಗಿದ್ದು ಎಣ್ಣೆ ಕಾದ ಮೇಲೆ ಸೋತರೆ ಮಾತ್ರ ಪಂಪಿನ ಗೇರು ಸವೆದಿರುವ ಶಂಕೆ ಗಟ್ಟಿ. ಬಿಸಿಗೆ ತೆಳುವಾದ ಎಣ್ಣೆ ಸವೆದ ಸಂದಿನಲ್ಲಿ ಹಿಂದಕ್ಕೆ ನುಸುಳುತ್ತದೆ. ಇದ್ಯಾವುದನ್ನೂ ನೋಡದೆ ರಿಲೀಫ್ ಸ್ಕ್ರೂ ಬಿಗಿ ಮಾಡಿ "ಈಗ ಸರಿಯಾಯ್ತು" ಎನ್ನುವ ಮೇಸ್ತ್ರಿಗಳಿದ್ದಾರೆ. ಪ್ರೆಶರ್ ಗೇಜ್ ಹಾಕದೆ ಆ ಸ್ಕ್ರೂ ಮುಟ್ಟುವುದು ನನ್ನ ಲೆಕ್ಕದಲ್ಲಿ ರಿಪೇರಿಯೇ ಅಲ್ಲ.

ಪಂಪಿನಿಂದ ಕೀರಲು ಸದ್ದು ಬಂದು ಟ್ಯಾಂಕಿನಲ್ಲಿ ನೊರೆ ಕಂಡರೆ ಸಕ್ಷನ್ ಹೋಸಿಗೆ ಗಾಳಿ ಸೇರುತ್ತಿದೆ. ಅಲ್ಲಿ ಎಣ್ಣೆ ಹೊರಗೆ ತೊಟ್ಟಿಕ್ಕುವುದಿಲ್ಲವಾದ್ದರಿಂದ ಕಣ್ಣು ಮೋಸ ಹೋಗುತ್ತದೆ. ಎಳನೀರಿನ ಸ್ಟ್ರಾ ಸೀಳಿದ್ದರೆ ನೀರು ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ, ಇಲ್ಲಿಯೂ ಹಾಗೆಯೇ. ಇಂಜಿನ್ ಐಡಲ್‌ನಲ್ಲಿರುವಾಗ ಕ್ಲಾಂಪ್ ಸುತ್ತ ದಪ್ಪಗೆ ಗ್ರೀಸ್ ಬಳಿಯಿರಿ. ಸದ್ದು ಇಳಿದರೆ ಕಳ್ಳ ಸಿಕ್ಕಿದ ಹಾಗೆ.

ಇಂಜಿನ್ ಆಫ್ ಮಾಡಿದ ಮೇಲೂ ಸ್ಟೆಬಿಲೈಸರ್ ಕಾಲು ತಾನಾಗಿ ಇಳಿದರೆ ಪಂಪಿಗೆ ಅಲ್ಲಿ ಪಾತ್ರವೇ ಇಲ್ಲ. ತಪ್ಪು ಸಿಲಿಂಡರಿನದೋ ವಾಲ್ವಿನದೋ? ಕಾಲುಗಳು ಎರಡಿವೆಯಲ್ಲ, ಎಡದ ಹೋಸ್‌ಗಳನ್ನು ಬಲದ ವಾಲ್ವಿಗೂ ಬಲದವನ್ನು ಎಡಕ್ಕೂ ಹಾಕಿ ನೋಡಬಹುದು. ರೋಗ ಅದೇ ಕಾಲಿನಲ್ಲಿ ಉಳಿದರೆ ಕೆಟ್ಟಿದ್ದು ಸಿಲಿಂಡರ್, ಇನ್ನೊಂದು ಕಾಲಿಗೆ ಹೋದರೆ ವಾಲ್ವ್.

ಯಾವ ಹೋಸ್ ಬಿಚ್ಚುವುದಿದ್ದರೂ ಬಕೆಟ್‌ಗಳನ್ನು ನೆಲಕ್ಕೆ ಇಳಿಸಿ, ಕಾಲುಗಳ ಭಾರ ತೆಗೆದು, ಇಂಜಿನ್ ನಿಲ್ಲಿಸಿ, ಲಿವರ್‌ಗಳನ್ನು ಆಡಿಸಿ ಉಳಿದ ಒತ್ತಡ ಬಿಡಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬಾರದು. ಸೂಜಿಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ನೋವೂ ಮೊದಲಿಗೆ ಇರಲಿಕ್ಕಿಲ್ಲ. ಆದರೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕು, ತಡವಾದರೆ ಬೆರಳೋ ಕೈಯೋ ಕತ್ತರಿಸಬೇಕಾಗಬಹುದು. ಹುಡುಕಲು ರಟ್ಟಿನ ತುಂಡು ಸಾಕು.

ಕರಾವಳಿಯ ನಿಜವಾದ ಶತ್ರು ನೀರು. ದುಡಿದು ಬಿಸಿಯಾದ ಟ್ಯಾಂಕು ಮಳೆಗೆ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮುಚ್ಚಳದಿಂದ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ರಾತ್ರಿ ಆ ತೇವ ಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಮುಚ್ಚಳದ ವಾಷರ್ ಹರಿದಿದ್ದರಂತೂ ಮಳೆನೀರೇ ಒಳಗೆ. ಎಣ್ಣೆ ಹಾಲುಬೆರೆಸಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಸಂಶಯವೇ ಬೇಡ. ಬಣ್ಣ ತಿಳಿಯದಿದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಡಿ, ನೀರಿದ್ದರೆ ಚಟಪಟ ಸಿಡಿಯುತ್ತದೆ. ಜೊತೆಗೆ ಗಾಳಿಯ ಉಪ್ಪು. ಸಿಲಿಂಡರ್ ರಾಡಿನ ಹೊಳೆಯುವ ಕ್ರೋಮ್ ಲೇಪ ಒಂದು ಕಡೆ ಒಡೆದರೆ ಸಾಕು, ಅಡಿಯಲ್ಲಿ ತುಕ್ಕು ಹಿಡಿದು ಗುಳಿಗಳಾಗುತ್ತವೆ. ಆ ಗುಳಿಯ ಅಂಚು ಪ್ರತಿ ಬಾರಿ ಒಳಹೋಗುವಾಗ ಸೀಲನ್ನು ಕೆರೆಯುತ್ತದೆ. ಹೊಸ ಸೀಲ್ ಕಿಟ್ ಹಾಕಿದ ಕೆಲವೇ ದಿನಕ್ಕೆ ಮತ್ತೆ ಸೋರಿದರೆ ಕಿಟ್ ಡೂಪ್ಲಿಕೇಟ್ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ರಾಡಿನ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದರೆ ರಾಡಿಗೇ ಮತ್ತೆ ಕ್ರೋಮ್ ಹಾಕಿಸಬೇಕು.

ನೀರು ಸೇರಿದ ಎಣ್ಣೆ ಬದಲಿಸುವಾಗ ಟ್ಯಾಂಕು ಖಾಲಿ ಮಾಡಿದರೆ ಮುಗಿಯಲಿಲ್ಲ. ಸಿಲಿಂಡರ್, ಹೋಸ್‌ಗಳಲ್ಲಿ ಹಳೆಯ ಎಣ್ಣೆ ಬೇಕಾದಷ್ಟು ಉಳಿದಿರುತ್ತದೆ. ಹೊಸದು ಹಾಕಿ, ಎಲ್ಲ ಸಿಲಿಂಡರ್‌ಗಳನ್ನೂ ಪೂರ್ತಿ ಆಡಿಸಿ, ಮತ್ತೊಮ್ಮೆ ಇಳಿಸಿ, ಫಿಲ್ಟರ್ ಬದಲಿಸಿಯೇ ತುಂಬಬೇಕು. ಮಳೆಗಾಲಕ್ಕೆ ಯಂತ್ರ ನಿಲ್ಲಿಸುವವರು ರಾಡ್‌ಗಳನ್ನು ಆದಷ್ಟು ಒಳಗೆ ಎಳೆದಿಡಬೇಕು. ಹೇಗೆ ನಿಲ್ಲಿಸಿದರೂ ಒಂದಲ್ಲ ಒಂದು ರಾಡ್ ಹೊರಗೇ ಉಳಿಯುತ್ತದೆ, ಅದಕ್ಕೆ ಗ್ರೀಸ್ ಬಳಿದಿಡಿ. ಕೆಲಸಕ್ಕೆ ಇಳಿಸುವ ದಿನ ಆ ಗ್ರೀಸನ್ನು ಮರೆಯದೆ ಒರೆಸಬೇಕು. ಅದಕ್ಕೆ ಅಂಟಿದ ಮರಳು ಸೀಲಿನೊಳಗೆ ಹೋದರೆ ತುಕ್ಕಿಗಿಂತ ಬೇಗ ಕೆಲಸ ಕೆಡಿಸುತ್ತದೆ.